ಬರಹದಿಂದ ಬಾಯಿಗೆ ಬಂದ ರಕ್ಕಸರು: ಪಾತ್ರಧಾರಣೆಯ ಮೇಜಿನಾಟಗಳಲ್ಲಿ ಜೀವಿನಾಮಗಳ ಉಚ್ಚಾರಣೆ

ಜನಪದ ನಾಮಗಳ ಪ್ರಸರಣದಲ್ಲಿ ಕಿವಿಗೆ ಅಗ್ರಸ್ಥಾನ. ಅಜ್ಜಿಯ ಕಥೆಯಲ್ಲಿ ರಕ್ಕಸನ ಹೆಸರು ಕೇಳಿ ಬೆಚ್ಚಿದ ಮಗು ಆ ಪದದ ಅಕ್ಷರಗಳನ್ನು ಕಾಣುವುದು ಎಷ್ಟೋ ವರ್ಷಗಳ ಅನಂತರ. ಅಕ್ಷರ ಕಲಿಯದ ಕೋಟ್ಯಂತರ ಜನ ಅದನ್ನು ಕಾಣದೆಯೇ ಬದುಕಿ, ಹೆಸರನ್ನು ಮಾತ್ರ ತಮ್ಮ ಮಕ್ಕಳಿಗೆ ಒಪ್ಪಿಸಿ ಹೋಗಿದ್ದಾರೆ. ಆದ್ದರಿಂದ ಮೌಖಿಕ ಪರಂಪರೆಯಲ್ಲಿ ‘ಈ ಹೆಸರನ್ನು ಹೇಗೆ ಉಚ್ಚರಿಸಬೇಕು’ ಎಂಬ ಪ್ರಶ್ನೆ ಬಹುಮಟ್ಟಿಗೆ ಹುಟ್ಟುವುದೇ ಇಲ್ಲ. ಕೇಳಿದಂತೆ ನುಡಿಯುವುದು, ನುಡಿಯುತ್ತ ನುಡಿಯುತ್ತ ತನ್ನ ಬಾಯಿಗೆ ಒಗ್ಗಿಸಿಕೊಳ್ಳುವುದು, ಇಷ್ಟೇ ಅಲ್ಲಿಯ ಕ್ರಮ. ಈ ಕ್ರಮ ತಲೆಕೆಳಗಾದರೆ ಏನಾಗುತ್ತದೆ? ಒಂದು ಹೆಸರು ಮೊದಲು ಕಣ್ಣಿಗೆ ಬಿದ್ದು, ಅದನ್ನು ಎಂದೂ ಕೇಳದ ಸಾವಿರಾರು ಜನ ಬೇರೆ ಬೇರೆ ಊರುಗಳಲ್ಲಿ ಏಕಕಾಲಕ್ಕೆ ಅದನ್ನು ಗಟ್ಟಿಯಾಗಿ ಹೇಳಬೇಕಾದ ಸನ್ನಿವೇಶ ಒದಗಿದರೆ ಆ ಹೆಸರಿನ ಗತಿಯೇನು? ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ಪಾತ್ರಧಾರಣೆಯ ಮೇಜಿನಾಟಗಳು ಈ ಪ್ರಶ್ನೆಗೆ ವಿಪುಲವಾದ ಸಾಮಗ್ರಿಯನ್ನು ಒದಗಿಸುತ್ತವೆ. ಜಾನಪದ ಅಧ್ಯಯನ ಇವುಗಳತ್ತ ಅಷ್ಟಾಗಿ ಕಣ್ಣು ಹಾಯಿಸಿಲ್ಲ. ಅವು ಪುಸ್ತಕದ ಆಟಗಳು, ಪೇಟೆಯ ಸರಕು ಎಂಬ ಉದಾಸೀನ ಇದಕ್ಕೆ ಕಾರಣವಿರಬಹುದು.

1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದರ ಕರ್ತೃಗಳು. ಟಿಎಸ್ಆರ್ ಎಂಬ ಸಂಸ್ಥೆ ಪ್ರಕಾಶಕ. ಮೂರು ತೆಳುವಾದ ಪುಸ್ತಿಕೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದ ಮೊದಲ ಮುದ್ರಣದ ಪ್ರತಿಗಳು ಕೇವಲ ಒಂದು ಸಾವಿರ. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ‘ಡಂಜನ್ ಮಾಸ್ಟರ್’ ಎಂದು ಕರೆಯಲ್ಪಡುವ ಸೂತ್ರಧಾರ ಎದುರಾಗುವ ಲೋಕವನ್ನು, ಅದರ ಗುಹೆ ಕಾಡುಗಳನ್ನು, ಅಲ್ಲಿ ಹೊಂಚು ಹಾಕಿರುವ ವಿಕಾರಜೀವಿಗಳನ್ನು ಬಾಯಿಮಾತಿನಲ್ಲಿ ಬಣ್ಣಿಸುತ್ತಾನೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಫಲಾಫಲವನ್ನು ದಾಳ ನಿರ್ಧರಿಸುತ್ತದೆ. ಕನ್ನಡದ ಓದುಗರಿಗೆ ಇದನ್ನು ಪರಿಚಯಿಸಲು ತಾಳಮದ್ದಳೆಗಿಂತ ಹತ್ತಿರದ ಹೋಲಿಕೆ ಸಿಗಲಾರದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಮಾತಿನಿಂದ ಲೋಕವನ್ನು ಕಟ್ಟಬೇಕು. ಅರ್ಥಧಾರಿಯ ಮಾತು ಅಂದಿನ ಕೂಟಕ್ಕೆ ಹುಟ್ಟಿದ್ದು. ಆದರೆ ವ್ಯತ್ಯಾಸ ಮುಖ್ಯವಾದುದು. ತಾಳಮದ್ದಳೆಯಲ್ಲಿ ಶೂರ್ಪನಖಿಯ ಹೆಸರು ಅರ್ಥಧಾರಿಯ ಬಾಯಿಗೆ ಬರುವ ಮೊದಲೇ ಭಾಗವತರ ಪದ್ಯದಲ್ಲಿ ಕೇಳಿಬಂದಿರುತ್ತದೆ, ಅದಕ್ಕೂ ಮೊದಲು ಮನೆಯಲ್ಲಿ, ಗುಡಿಯಲ್ಲಿ, ಆಟದ ಬಯಲಿನಲ್ಲಿ ಕೇಳಿಬಂದಿರುತ್ತದೆ. ಲೇಕ್ ಜಿನೀವಾದಿಂದ ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ದೂರದ ಊರಿನಲ್ಲಿ ಆಡಲು ಕುಳಿತ ಹದಿನೈದರ ಹುಡುಗನಿಗೆ ಭಾಗವತರಿರಲಿಲ್ಲ. ಅವನ ಮುಂದಿದ್ದುದು ಮುದ್ರಿತ ಅಕ್ಷರ ಮಾತ್ರ.

ಮಾತೇ ರಂಗಸ್ಥಳವಾದ ಆಟದಲ್ಲಿ ಹೆಸರಿಗೆ ಸಲ್ಲುವ ಭಾರ ಹೆಚ್ಚು. ಕತ್ತಲ ಗುಹೆಯಲ್ಲಿ ಏನೋ ಕದಲಿತು ಎಂದು ಅರ್ಧ ಗಂಟೆ ಭಯವನ್ನು ಹೆಣೆದ ಸೂತ್ರಧಾರ, ಕೊನೆಗೆ ಆ ಜೀವಿಯ ಹೆಸರು ಹೇಳುವಾಗ ತಡವರಿಸಿದರೆ ಮೇಜಿನ ಸುತ್ತ ನಗೆ ಏಳುತ್ತದೆ. ಕಟ್ಟಿದ ಭಯವೆಲ್ಲ ಒಮ್ಮೆಗೇ ಕುಸಿಯುತ್ತದೆ. ಒಂದೊಂದು ಗುಂಪು ತನ್ನದೇ ಉಚ್ಚಾರಣೆಯನ್ನು ರೂಢಿಸಿಕೊಂಡು ಅದನ್ನೇ ಸಹಜವೆಂದು ನಂಬಿ ವರ್ಷಗಟ್ಟಲೆ ಆಡಿದ್ದೂ, ಬೇರೆ ಊರಿನ ಆಟಗಾರರ ಸಮ್ಮೇಳನಕ್ಕೆ ಹೋದಾಗ ತಮ್ಮ ಉಚ್ಚಾರಣೆ ಬೇರೆಯವರಿಗೆ ನಗೆಪಾಟಲಾದುದೂ ಈ ಸಮುದಾಯದ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಆಶಯಗಳು. ಓದಿ ಕಲಿತವನಿಗೆ ಕೇಳಿ ಕಲಿತವನ ಮುಂದೆ ಆಗುವ ಈ ಮುಜುಗರ ಆಟಕ್ಕಷ್ಟೇ ಸೀಮಿತವಲ್ಲ. ಪುಸ್ತಕವೊಂದೇ ಗುರುವಾದವರೆಲ್ಲ ಇದನ್ನು ಬಲ್ಲರು.

ಹೆಸರುಗಳು ಬಂದ ದಾರಿಯನ್ನು ನೋಡಿದರೆ ತೊಡಕಿನ ಮೂಲ ಸ್ಪಷ್ಟವಾಗುತ್ತದೆ. 1977ರ ಕೊನೆಯಲ್ಲಿ ಗೈಗ್ಯಾಕ್ಸ್ ಅವರ ‘ಮಾನ್ಸ್ಟರ್ ಮ್ಯಾನ್ಯುಯಲ್’ ಪ್ರಕಟವಾಯಿತು. 350ಕ್ಕೂ ಹೆಚ್ಚು ಜೀವಿಗಳ ಈ ಕೋಶ ಅಕಾರಾದಿಯಾಗಿ ಜೋಡಿಸಲ್ಪಟ್ಟಿತ್ತು. ಗೈಗ್ಯಾಕ್ಸ್ ವಿಶ್ವವಿದ್ಯಾಲಯದ ವಿದ್ವಾಂಸರಲ್ಲ. ಒಂದು ಕಾಲಕ್ಕೆ ವಿಮಾ ಸಂಸ್ಥೆಯಲ್ಲಿ ದುಡಿದವರು, ಸಿಕ್ಕಿದ್ದನ್ನೆಲ್ಲ ಓದುವ ಹಸಿವಿನವರು. ಗ್ರೀಕ್ ಪುರಾಣ, ನಾರ್ಡಿಕ್ ಐತಿಹ್ಯ, ಅರಬ್ಬಿ ಕಥೆಗಳ ಜಿನ್ ಮತ್ತು ಇಫ್ರೀತ್, ಬ್ಯಾಬಿಲೋನಿನ ತಿಯಾಮತ್, ಜಪಾನಿನ ಕಿರಿನ್, ಮೆಕ್ಸಿಕೋದ ಗರಿಗಳುಳ್ಳ ಸರ್ಪ, ಭಾರತದ ನಾಗ ಮತ್ತು ರಾಕ್ಷಸ, ಅಗ್ಗದ ಕಥಾಪತ್ರಿಕೆಗಳ ಪ್ರೇತಗಳು, ಎಲ್ಲವೂ ಒಂದೇ ಹೊದಿಕೆಯೊಳಗೆ ಬಂದು ಕುಳಿತವು. ಅರ್ಜೆಂಟೀನಾದ ಲೇಖಕ ಬೋರ್ಹೆಸ್ ತಮ್ಮ ಕಾಲ್ಪನಿಕ ಪ್ರಾಣಿಗಳ ಗ್ರಂಥದಲ್ಲಿ ಕಳೆದುಹೋದ ಹಳೆಯ ಆಕರವೊಂದರ ಹೆಸರು ಹೇಳಿ ಬಣ್ಣಿಸಿದ, ಬಹುಶಃ ಅವರೇ ಸೃಷ್ಟಿಸಿದ ‘ಪೆರಿಟನ್’ ಕೂಡ ಇಲ್ಲಿ ಸ್ಥಾನ ಪಡೆಯಿತು. ಅದು ಯಾರ ಬಾಯಲ್ಲಿಯೂ ಇರದೆ ಪುಸ್ತಕದಿಂದ ಪುಸ್ತಕಕ್ಕೆ ಹಾರಿದ ಹಕ್ಕಿ. ಪ್ರತಿ ಜೀವಿಯ ಗಾತ್ರ, ಬಲ, ಸಂಪತ್ತು, ಬುದ್ಧಿಮಟ್ಟಗಳನ್ನೆಲ್ಲ ಅಂಕಿಗಳಲ್ಲಿ ನಿಷ್ಕೃಷ್ಟವಾಗಿ ಕೊಟ್ಟ ಈ ಕೋಶದಲ್ಲಿ ಉಚ್ಚಾರಣೆಗೆ ಮಾತ್ರ ಕ್ರಮಬದ್ಧವಾದ ಸ್ಥಾನವಿರಲಿಲ್ಲ.

ರೋಮನ್ ಲಿಪಿಯಲ್ಲಿ ಬರೆದ ಇಂಗ್ಲಿಷಿಗೆ ಈ ಕೊರತೆ ದೊಡ್ಡದು. ಕನ್ನಡ ಲಿಪಿಯಲ್ಲಿ ಹ್ರಸ್ವ ದೀರ್ಘಗಳು ಕಣ್ಣಿಗೆ ಕಾಣುತ್ತವೆ; ಯಾವ ಅಕ್ಷರದ ಮೇಲೆ ಒತ್ತು ಹಾಕಬೇಕೆಂಬ ಚಿಂತೆಯಿಲ್ಲ. ಇಂಗ್ಲಿಷಿನಲ್ಲಿ ಸ್ವರದ ಬೆಲೆಯನ್ನೂ ಒತ್ತಿನ ಸ್ಥಾನವನ್ನೂ ಓದುಗ ಊಹಿಸಿಕೊಳ್ಳಬೇಕು. ವಿದ್ವಾಂಸರು ಈ ತೊಂದರೆಗೆ ಪರಿಹಾರ ಕಂಡುಕೊಂಡು ಆಗಲೇ ಬಹುಕಾಲವಾಗಿತ್ತು: 1894ರಲ್ಲಿ ಸ್ವಿಟ್ಸರ್ಲೆಂಡಿನ ಜಿನೀವಾದಲ್ಲಿ ನೆರೆದ ಪ್ರಾಚ್ಯವಿದ್ವಾಂಸರ ಅಂತರರಾಷ್ಟ್ರೀಯ ಸಮ್ಮೇಳನ ಸಂಸ್ಕೃತವನ್ನು ರೋಮನ್ ಲಿಪಿಯಲ್ಲಿ ಬರೆಯುವುದಕ್ಕೆ ಚಿಹ್ನೆಗಳುಳ್ಳ ಪದ್ಧತಿಯನ್ನು ಒಪ್ಪಿತ್ತು. ದೀರ್ಘಕ್ಕೆ ಮೇಲೊಂದು ಗೆರೆ, ಮೂರ್ಧನ್ಯಕ್ಕೆ ಕೆಳಗೊಂದು ಚುಕ್ಕೆ. ಎಂಬತ್ತು ವರ್ಷಗಳ ಅನಂತರ ಅದೇ ಹೆಸರಿನ ಇನ್ನೊಂದು ಊರಿನಲ್ಲಿ ಆ ಗೆರೆ ಚುಕ್ಕೆಗಳೆಲ್ಲ ಉದುರಿಹೋಗಿ ಬರಿಯ ಅಕ್ಷರಗಳು ಅಚ್ಚಾದವು. ಊರುಗಳ ಹೆಸರಿನ ಸಾಮ್ಯ ಆಕಸ್ಮಿಕ; ಉದುರಿಹೋದ ಚಿಹ್ನೆಗಳ ಪರಿಣಾಮ ಆಕಸ್ಮಿಕವಲ್ಲ.

ಬಿಡಿ ಹೆಸರುಗಳ ಚರಿತ್ರೆಯನ್ನು ನೋಡಬಹುದು. ಸತ್ತ ಮೇಲೂ ಮಂತ್ರಬಲದಿಂದ ಉಳಿದ ಮಾಂತ್ರಿಕನಿಗೆ ಈ ಆಟದಲ್ಲಿ ‘ಲಿಚ್’ ಎಂದು ಹೆಸರು. ಬರಹ ನೋಡಿದ ಹುಡುಗರು ‘ಲಿಕ್’ ಎಂದರು, ‘ಲೈಕ್’ ಎಂದರು. ಇದು ಹೆಣ ಅಥವಾ ದೇಹ ಎಂಬರ್ಥದ ಹಳೆಯ ಇಂಗ್ಲಿಷ್ ಪದ. ಜರ್ಮನ್ ಭಾಷೆಯಲ್ಲಿ ಹೆಣಕ್ಕೆ ಈಗಲೂ ಇರುವ ‘ಲೈಖೆ’ ಇದರ ಸೋದರಪದ. ಇಂಗ್ಲೆಂಡಿನ ಹಳ್ಳಿಗಳ ಚರ್ಚಿನ ಅಂಗಳಕ್ಕೆ ಮಾಡು ಹೊದಿಸಿದ ಬಾಗಿಲೊಂದಿರುತ್ತದೆ. ಶವವನ್ನು ಹೊತ್ತು ತಂದವರು ಪಾದ್ರಿ ಬರುವವರೆಗೆ ಅಲ್ಲಿ ನಿಲ್ಲುವುದು ವಾಡಿಕೆಯಾಗಿತ್ತು. ಅದನ್ನು ‘ಲಿಚ್‌ಗೇಟ್’ ಎನ್ನುತ್ತಾರೆ. ಅಂದರೆ ಈ ಪದದ ಚಕಾರಾಂತ ಉಚ್ಚಾರಣೆಯನ್ನು ಶವಸಂಸ್ಕಾರದ ಆಚರಣೆಯೊಂದು ಹಳ್ಳಿಯ ಬಾಯಲ್ಲಿ ಕಾಪಾಡಿಕೊಂಡು ಬಂದಿತ್ತು. ಅಂಥ ಬಾಗಿಲನ್ನು ಕಾಣದ, ಆ ಆಚರಣೆಯ ನೆನಪಿಲ್ಲದ ಅಮೆರಿಕದ ಬಯಲುಸೀಮೆಯ ಹುಡುಗನಿಗೆ ಪದ ಮಾತ್ರ ತಲುಪಿತು. ಆಚರಣೆಯಿಂದ ಕಳಚಿದ ಪದ ಉಚ್ಚಾರಣೆಯಿಂದಲೂ ಕಳಚುತ್ತದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ.

‘ಡೆಮೊಗಾರ್ಗನ್’ ಎಂಬ ಹೆಸರಿನ ಕಥೆ ಇನ್ನೂ ವಿಚಿತ್ರ. 1976ರಲ್ಲಿ ಆಟದ ಪುರವಣಿಯೊಂದರಲ್ಲಿ ಎರಡು ತಲೆಯ ಪಿಶಾಚರಾಜನಾಗಿ ಕಾಣಿಸಿಕೊಂಡ ಈತ, 2016ರಲ್ಲಿ ಆರಂಭವಾದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೂಲಕ ಆಟವನ್ನೇ ಅರಿಯದವರಿಗೂ ಪರಿಚಿತನಾದ. ರೋಮನ್ ಕವಿ ಸ್ಟೇಷಿಯಸ್‌ನ ಕಾವ್ಯದಲ್ಲಿ ಹೆಸರಿಸಬಾರದ ಪರಮದೈವವೊಂದರ ಪ್ರಸ್ತಾಪ ಬರುತ್ತದೆ. ಅದಕ್ಕೆ ಟಿಪ್ಪಣಿ ಬರೆದ ಪ್ರಾಚೀನ ವ್ಯಾಖ್ಯಾನದಲ್ಲಿ, ಸೃಷ್ಟಿಕರ್ತ ಎಂಬರ್ಥದ ‘ದೆಮಿಯುರ್ಗೊಸ್’ ಎಂಬ ಗ್ರೀಕ್ ಪದ ಪ್ರತಿಕಾರರ ಕೈಯಲ್ಲಿ ಕೆಟ್ಟು ಈ ಹೊಸ ರೂಪ ಹುಟ್ಟಿತೆಂದು ವಿದ್ವಾಂಸರ ಅಭಿಮತ. ಹದಿನಾಲ್ಕನೆಯ ಶತಮಾನದಲ್ಲಿ ಬೊಕ್ಕಾಚಿಯೋ ಇವನನ್ನು ದೇವತೆಗಳ ಮೂಲಪುರುಷನೆಂದೇ ವರ್ಣಿಸಿದ. ಲಿಪಿಕಾರರ ಕೈತಪ್ಪು ದೈವವಾಯಿತು. ಇರುಳಿನಲ್ಲಿ ಹಾವನ್ನು ಹೆಸರಿಡಿದು ಕರೆಯಬಾರದೆಂದು ‘ಹುಳ’ ಎನ್ನುವ ನಮ್ಮ ಹಳ್ಳಿಗಳ ವಾಡಿಕೆಯನ್ನು ಬಲ್ಲವರಿಗೆ ಇದರ ವ್ಯಂಗ್ಯ ಬೇಗ ತಿಳಿಯುತ್ತದೆ: ಉಚ್ಚರಿಸಬಾರದೆಂದು ಬಿಟ್ಟ ತೆರಪಿಗೆ ಎಂದೂ ಯಾರೂ ಉಚ್ಚರಿಸಿರದ ಹೆಸರೊಂದು ಬಂದು ಕುಳಿತುಕೊಂಡಿತು. ಇಂಥ ಹೆಸರಿಗೆ ‘ಸರಿಯಾದ’ ಉಚ್ಚಾರಣೆಯನ್ನು ಯಾವ ಜನಾಂಗದ ಬಳಿ ಹೋಗಿ ಕೇಳಬೇಕು?

ತಮಾಷೆಯಿಂದ ಹುಟ್ಟಿದವೂ ಇವೆ. 1970ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗಿನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಪೊಟ್ಟಣದಿಂದ ಗೈಗ್ಯಾಕ್ಸ್ ಬಳಗ ಕೆಲವು ವಿಕಾರ ಆಕೃತಿಗಳನ್ನು ಆರಿಸಿ ಆಟದಲ್ಲಿ ಬಳಸುತ್ತಿತ್ತು. ಅವುಗಳಲ್ಲೊಂದಕ್ಕೆ ನೆಲದಡಿ ಈಜುವ ಮೀನಿನಂಥ ಸ್ವಭಾವವನ್ನು ಆರೋಪಿಸಿ, 1976ರ ಜೂನ್‌ನಲ್ಲಿ ‘ದ ಡ್ರ್ಯಾಗನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅದರ ಸಂಪಾದಕ ಟಿಮ್ ಕಾಸ್ಕ್ ಪ್ರಕಟಿಸಿದರು. ಗುಂಡು ಎಂಬರ್ಥದ ‘ಬುಲೆಟ್’ ಪದಕ್ಕೆ ಫ್ರೆಂಚ್ ವೇಷ ತೊಡಿಸಿದಂತೆ ಕಾಣುವ ಬರಹ. ಬಳಗದವರ ಬಾಯಲ್ಲಿ ಅದು ‘ಬುಲೇ’. ಅಚ್ಚಿನಲ್ಲಿ ತಮಾಷೆ ಬರಲಿಲ್ಲ, ಬರಹ ಮಾತ್ರ ಬಂತು. ದೇಶದ ತುಂಬ ಹುಡುಗರು ‘ಬುಲೆಟ್’ ಎಂದೇ ಓದಿದರು. ಅವರ ಓದಿನಲ್ಲಿ ತಪ್ಪು ಹುಡುಕುವುದು ಅನ್ಯಾಯ.

ಉಚ್ಚರಿಸಲಾಗದಿರುವುದೇ ಉದ್ದೇಶವಾದ ಹೆಸರುಗಳ ಒಂದು ಪಂಗಡವೂ ಉಂಟು. ಎಚ್. ಪಿ. ಲವ್‌ಕ್ರಾಫ್ಟ್ 1928ರಲ್ಲಿ ಪ್ರಕಟಿಸಿದ ಕಥೆಯ ‘ಕ್ಥುಲ್ಹು’ ಇದಕ್ಕೆ ಮೇಲ್ಪಂಕ್ತಿ. ಮನುಷ್ಯರ ಗಂಟಲಿಗಾಗಿ ರೂಪುಗೊಳ್ಳದ ಹೆಸರು ಇದು, ನಮ್ಮ ಅಕ್ಷರಗಳು ಅದನ್ನು ಅಂದಾಜಾಗಿ ಮಾತ್ರ ಹಿಡಿಯಬಲ್ಲವು ಎಂಬುದು ಕರ್ತೃವಿನ ನಿಲುವು. 1934ರ ಪತ್ರವೊಂದರಲ್ಲಿ ಅವರು ಸೂಚಿಸಿದ ರೂಪ ಗಂಟಲಿನಿಂದ ಹೊರಡುವ ‘ಖ್ಲುಲ್-ಹ್ಲೂ’ ಎಂಬುದಕ್ಕೆ ಸಮೀಪವಾದುದು. 1981ರಲ್ಲಿ ಕೇಯಾಸಿಯಮ್ ಸಂಸ್ಥೆ ಈ ಕಥಾಲೋಕವನ್ನು ಪಾತ್ರಧಾರಣೆಯ ಆಟವಾಗಿಸಿದಾಗ, ಪ್ರತಿ ವಾರ ಆಡುವವರಿಗೆ ಕರ್ತೃವಿನ ಸೂಚನೆ ಪ್ರಯೋಜನಕ್ಕೆ ಬರಲಿಲ್ಲ. ಮೇಜಿನ ಸುತ್ತ ‘ಕತೂಲು’ ನೆಲೆನಿಂತಿತು. ಭಯಂಕರನಾದ ದೈವಕ್ಕೆ ಬಾಯಿಗೆ ಸುಲಭವಾದ ಹೆಸರೊಂದು ಬೇಕೇ ಬೇಕು. ಜನ ಅದನ್ನು ಮಾಡಿಕೊಂಡೇ ತೀರುತ್ತಾರೆ. ತುಳುನಾಡಿನಲ್ಲಿ ಧೂಮಾವತಿ ‘ಜುಮಾದಿ’ಯಾದುದನ್ನು ಇಲ್ಲಿ ನೆನೆಯಬಹುದು. ಕೋಲದ ಎದುರು ಕೈಮುಗಿದು ನಿಂತ ಯಾರೂ ಜುಮಾದಿ ಎಂಬುದನ್ನು ತಪ್ಪು ಉಚ್ಚಾರಣೆ ಎಂದು ಭಾವಿಸುವುದಿಲ್ಲ.

ಭಾಷಾವಿದ್ವಾಂಸರು ಸ್ವತಃ ಹೆಸರಿಟ್ಟಾಗ ಪರಿಸ್ಥಿತಿ ಬೇರೆಯಾಗುತ್ತದೆಂದು ನಿರೀಕ್ಷಿಸಬಹುದು. ಟೋಲ್ಕಿನ್ ತಮ್ಮ ‘ದ ಲಾರ್ಡ್ ಆಫ್ ದ ರಿಂಗ್ಸ್’ (1954–55) ಕೃತಿಯ ಕೊನೆಯಲ್ಲಿ ಬರಹ ಮತ್ತು ಉಚ್ಚಾರಣೆಗೆ ಅನುಬಂಧವನ್ನೇ ಮೀಸಲಿಟ್ಟರು. 1975ರಲ್ಲಿ, ಅಂದರೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದ ಮರುವರ್ಷ, ಅದೇ ಟಿಎಸ್ಆರ್ ‘ಎಂಪೈರ್ ಆಫ್ ದ ಪೆಟಲ್ ಥ್ರೋನ್’ ಎಂಬ ಆಟವನ್ನು ಹೊರತಂದಿತು. ಅದರ ಕರ್ತೃ ಎಂ. ಎ. ಆರ್. ಬಾರ್ಕರ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದವರು. ತಮ್ಮ ಕಲ್ಪಿತ ಲೋಕಕ್ಕೆ ತ್ಸೋಲ್ಯಾನಿ ಎಂಬ ಇಡೀ ಭಾಷೆಯನ್ನೇ ಕಟ್ಟಿ, ಒತ್ತಿನ ಚಿಹ್ನೆಗಳೊಡನೆ ಹೆಸರುಗಳನ್ನು ಬರೆದು, ಓದುವ ಬಗೆಯನ್ನೂ ವಿವರಿಸಿದರು. ಹಾಗಿದ್ದೂ ಆ ಹೆಸರುಗಳು ಸಾಮಾನ್ಯ ಆಟಗಾರನನ್ನು ಹೆದರಿಸಿದವು. ನಿಖರತೆ ಹೆಚ್ಚಿದಷ್ಟೂ ಬಾಯಿ ತೆರೆಯುವ ಧೈರ್ಯ ಕುಗ್ಗಿತೇನೋ! ಚಿಹ್ನೆಯಿಲ್ಲದ ಬರಹದ ಮುಂದೆ ಧೈರ್ಯವಾಗಿ ತಪ್ಪಬಹುದು. ಚಿಹ್ನೆಯುಳ್ಳ ಬರಹದ ಮುಂದೆ ತಪ್ಪುವವನಿಗೆ ತಾನು ತಪ್ಪುತ್ತಿರುವೆನೆಂಬ ಅರಿವೂ ಇರುತ್ತದೆ.

ಹೀಗೆ ಹತ್ತು ವರ್ಷ ಊರಿಗೊಂದು ನುಡಿಯಾಗಿ ಬೆಳೆದ ಮೇಲೆ ಶಿಷ್ಟರೂಪವನ್ನು ನಿಗದಿಪಡಿಸುವ ಯತ್ನ ನಡೆಯಿತು. 1985ರ ಜನವರಿಯಲ್ಲಿ ‘ಡ್ರ್ಯಾಗನ್’ ಪತ್ರಿಕೆಯ 93ನೆಯ ಸಂಚಿಕೆಯಲ್ಲಿ ಟಿಎಸ್ಆರ್‌ನ ಫ್ರ್ಯಾಂಕ್ ಮೆಂಟ್ಜರ್ ಉಚ್ಚಾರಣೆಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಶೀರ್ಷಿಕೆಯನ್ನೇ ಇಂಗ್ಲಿಷ್ ಕಾಗುಣಿತ ಮುರಿದು, ಕಿವಿಗೆ ಕೇಳಿಸುವಂತೆ ಅಚ್ಚು ಹಾಕಿದ್ದು ಆ ಬರಹದ ಹಾಸ್ಯ. ಜಾನಪದದ ದೃಷ್ಟಿಯಿಂದ ಈ ಕೈಪಿಡಿಯ ಮಹತ್ವ ಅದು ಕೊಟ್ಟ ಉತ್ತರಗಳಲ್ಲಿಲ್ಲ. ಅಂಥದೊಂದು ಕೈಪಿಡಿ ಬೇಕಾಯಿತೆಂಬುದರಲ್ಲಿದೆ. ಹತ್ತು ವರ್ಷಗಳಲ್ಲಿ ಪಾಠಾಂತರಗಳು ಎಷ್ಟು ಹಬ್ಬಿದ್ದುವೆಂದರೆ ಮೂಲಗ್ರಂಥದ ಪ್ರಕಾಶಕರೇ ಸಂಗ್ರಾಹಕರಾಗಬೇಕಾಯಿತು. ಪ್ರಕಟವಾದ ಮೇಲೂ ಪಾಠಾಂತರಗಳು ಅಳಿಯಲಿಲ್ಲ. ನೆಲದಡಿಯ ಕಪ್ಪು ಎಲ್ಫ್‌ಗಳ ಹೆಸರು ಇದಕ್ಕೆ ಸಾಕ್ಷಿ. ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳ ಐತಿಹ್ಯದ ‘ಟ್ರೌ’ಗಳಿಗೆ ಸಂಬಂಧಿಸಿದ ಈ ಪದವನ್ನು ‘ಕೌ’ (ಹಸು) ಎಂಬುದಕ್ಕೆ ಪ್ರಾಸವಾಗಿ ‘ಡ್ರೌ’ ಎನ್ನುವವರೂ, ‘ಸ್ನೋ’ (ಹಿಮ) ಎಂಬುದಕ್ಕೆ ಪ್ರಾಸವಾಗಿ ‘ಡ್ರೋ’ ಎನ್ನುವವರೂ ಈಗಲೂ ಇದ್ದಾರೆ. ಎರಡೂ ಪಕ್ಷದವರು ತಾವು ಮೊದಲು ಆಡಿದ ಮೇಜಿಗೆ ನಿಷ್ಠರು. ಜನಪದ ಗಾಯಕರನ್ನು ಕೇಳಿದರೆ ‘ನಮ್ಮ ಗುರುಗಳು ಹೇಳಿಕೊಟ್ಟದ್ದು ಹೀಗೆ’ ಎನ್ನುವುದಿಲ್ಲವೇ? ಅದೇ ಉತ್ತರ ಇಲ್ಲಿಯೂ ದೊರಕುತ್ತದೆ.

ಕಾಲ ಸರಿದಂತೆ ಕಿವಿ ತನ್ನ ಸ್ಥಾನವನ್ನು ಬೇರೊಂದು ದಾರಿಯಿಂದ ಮರಳಿ ಪಡೆಯಿತು. 2015ರಲ್ಲಿ ಆರಂಭವಾದ ‘ಕ್ರಿಟಿಕಲ್ ರೋಲ್’ ಎಂಬ ಕಾರ್ಯಕ್ರಮದಲ್ಲಿ ವೃತ್ತಿಪರ ಕಂಠದಾನ ಕಲಾವಿದರು ಆಡುವುದನ್ನು ಲಕ್ಷಾಂತರ ಜನ ನೋಡಿ ಕೇಳತೊಡಗಿದರು. ‘ಗಿಥ್‌ಯಾಂಕಿ’ ಎಂಬ ಜೀವಿಜಾತಿಯ ಉದಾಹರಣೆ ಗಮನಾರ್ಹ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 1977ರ ಕಾದಂಬರಿಯೊಂದರಿಂದ ಈ ಹೆಸರನ್ನು ಎತ್ತಿಕೊಂಡು ಹದಿಹರೆಯದ ಚಾರ್ಲ್ಸ್ ಸ್ಟ್ರಾಸ್ 1979ರಲ್ಲಿ ಬ್ರಿಟನ್ನಿನ ‘ವೈಟ್ ಡ್ವಾರ್ಫ್’ ಪತ್ರಿಕೆಗೆ ಬರೆದರು. 1981ರ ‘ಫೀಂಡ್ ಫೋಲಿಯೊ’ ಅದನ್ನು ಅಮೆರಿಕಕ್ಕೆ ಮುಟ್ಟಿಸಿತು. ಕಾದಂಬರಿಯಿಂದ ಪತ್ರಿಕೆಗೆ, ಪತ್ರಿಕೆಯಿಂದ ಕೋಶಕ್ಕೆ: ಎಲ್ಲವೂ ಕಣ್ಣಿನ ದಾರಿಯೇ. ಮೊದಲ ಅಕ್ಷರ ಗಕಾರವೋ ಜಕಾರವೋ ಎಂಬುದನ್ನು ಬರಹ ಹೇಳುವುದಿಲ್ಲ. 2023ರ ‘ಬಾಲ್ಡರ್ಸ್ ಗೇಟ್ 3’ ಎಂಬ ಗಣಕದಾಟದ ಪಾತ್ರಗಳು ಗಕಾರದಿಂದ ಅದನ್ನು ನುಡಿಯುವುದನ್ನು ಕೇಳಿದ ಹೊಸ ಪೀಳಿಗೆಗೆ ಆ ಸಂಶಯವೇ ಬರಲಾರದು. ಹಳೆಯ ಮೇಜುಗಳ ಉಪಭಾಷೆಗಳು ಹೀಗೆ ಒಂದೊಂದಾಗಿ ಮರೆಯಾಗುತ್ತವೆ. ಬಾನುಲಿ ಮತ್ತು ಧ್ವನಿಸುರುಳಿಗಳು ಬಂದ ಮೇಲೆ ನಮ್ಮ ಹಾಡುಗಳ ಪ್ರಾದೇಶಿಕ ಮಟ್ಟುಗಳಿಗೆ ಒದಗಿದ ಪಾಡನ್ನು ದಾಖಲಿಸಿದವರಿಗೆ ಇದು ಅಪರಿಚಿತವಲ್ಲ. ಯಾರೂ ಸಂಗ್ರಹಿಸದೆ ಹೋಗುತ್ತಿರುವ ಸಾಮಗ್ರಿ ಇದು.

ಇಲ್ಲಿಯವರೆಗೆ ಚರ್ಚಿಸಿದ ಹೆಸರುಗಳು ಬಹುಪಾಲು ಕಲ್ಪಿತವಾದವು ಅಥವಾ ವಾರಸುದಾರರ ಬಾಯಿ ಕಳೆದುಕೊಂಡವು. ಅವುಗಳನ್ನು ಹೇಗೆ ನುಡಿದರೂ ಅಹಿತವಾಗುವ ಜನಸಮುದಾಯವಿಲ್ಲ. ಆದರೆ ಅದೇ ಕೋಶದಲ್ಲಿ ಬದುಕಿರುವ ಜನರ ಬಾಯಲ್ಲಿ ಬದುಕಿರುವ ಹೆಸರುಗಳೂ ಇವೆ. ಪ್ರಶ್ನೆ ಅಲ್ಲಿ ತನ್ನ ಸ್ವರೂಪವನ್ನೇ ಬದಲಿಸುತ್ತದೆ. ಮೆಕ್ಸಿಕೋದ ‘ಕೋಆಟ್ಲ್’ ಎಂಬ ಪದವನ್ನು ಆಟದ ಬರಹ ಒಂದು ಸ್ವರವನ್ನು ಹೆಚ್ಚಿಸಿ ಒಯ್ದಿದೆ. ನಾವಾಟ್ಲ್ ಭಾಷೆಯಲ್ಲಿ ಅದಕ್ಕೆ ಹಾವೆಂದು ಅರ್ಥ. ಕೊನೆಯ ‘ಟ್ಲ್’ ಆ ಭಾಷೆಯಲ್ಲಿ ಒಂದೇ ವ್ಯಂಜನ. ಆ ಭಾಷೆಯನ್ನು ಹತ್ತು ಲಕ್ಷಕ್ಕೂ ಮಿಕ್ಕಿದ ಜನ ಇಂದಿಗೂ ಆಡುತ್ತಾರೆ. ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ರಾಕ್ಷಸ.

‘ಮಾನ್ಸ್ಟರ್ ಮ್ಯಾನ್ಯುಯಲ್’ ಸೇರಿದ ರಾಕ್ಷಸ ಸಂಸ್ಕೃತ ಕಾವ್ಯಗಳಿಂದ ನೇರವಾಗಿ ಬಂದವನಲ್ಲ. 1974ರ ಡಿಸೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ ‘ಕೋಲ್ಚಾಕ್: ದ ನೈಟ್ ಸ್ಟಾಕರ್’ ಧಾರಾವಾಹಿಯ ಒಂದು ಕಂತಿನಲ್ಲಿ ರಾಕ್ಷಸನೊಬ್ಬ ಬರುತ್ತಾನೆ, ಎದುರಿಗಿದ್ದವರು ನಂಬುವ ವ್ಯಕ್ತಿಯ ರೂಪ ತಾಳಿ ಹತ್ತಿರ ಸುಳಿಯುತ್ತಾನೆ, ಮಂತ್ರಿಸಿದ ಅಡ್ಡಬಿಲ್ಲಿನ ಬಾಣಕ್ಕೆ ಮಾತ್ರ ಸಾಯುತ್ತಾನೆ. ಆಟದ ರಾಕ್ಷಸನ ಲಕ್ಷಣಗಳೂ ಇವೇ. ಅದಕ್ಕೆ ಚಿತ್ರಕಾರ ಡೇವಿಡ್ ಟ್ರ್ಯಾಂಪಿಯರ್ ಹುಲಿಯ ತಲೆಯಿಟ್ಟು, ಬಾಯಿಗೆ ಹೊಗೆಕೊಳವೆ ಕೊಟ್ಟು ಬರೆದ ಚಿತ್ರ ಸೇರಿಕೊಂಡಿತು. ಅಂದಿನಿಂದ ಜಗತ್ತಿನ ಎಷ್ಟೋ ಆಟಗಾರರ ಕಣ್ಣಿಗೆ ರಾಕ್ಷಸನೆಂದರೆ ಹುಲಿಮೋರೆಯ ಸಿರಿವಂತ. ಕಾಮರೂಪಿತ್ವವೊಂದನ್ನು ಬಿಟ್ಟರೆ ನಮ್ಮ ಕಥಾಪರಂಪರೆಯ ರಾಕ್ಷಸನಿಗೂ ಇವನಿಗೂ ನಂಟು ಅಲ್ಪ. ಯಕ್ಷಗಾನದ ಬಣ್ಣದ ವೇಷವನ್ನು ಕಂಡವರು ಇವನನ್ನು ಗುರುತಿಸಲಾರರು. ಹೆಸರೂ ಹಾಗೆಯೇ ಆಯಿತು. ದೀರ್ಘಸೂಚಕ ಗೆರೆಯಿಲ್ಲದ ಬರಹ ನೋಡಿದ ಇಂಗ್ಲಿಷ್ ನಾಲಿಗೆ ತನ್ನ ಅಭ್ಯಾಸದಂತೆ ನಡುವಿನ ಅಕ್ಷರಕ್ಕೆ ಒತ್ತು ಕೊಟ್ಟು ‘ರಕ್ಷಾಸ’ ಎಂದಿತು. ಮೊದಲಕ್ಷರದ ದೀರ್ಘ ಎರಡನೆಯದಕ್ಕೆ ಸರಿಯಿತು. ಇಂಗ್ಲಿಷ್ ನಿಘಂಟುಗಳು ಮೊದಲಕ್ಷರಕ್ಕೇ ಒತ್ತು ಕೊಡುತ್ತವೆಯಾದರೂ ಮೇಜಿನ ಸುತ್ತ ನಿಘಂಟಿಗೆ ಪ್ರವೇಶ ಕಡಿಮೆ.

ಇದನ್ನು ಅಪಚಾರವೆನ್ನುವವರು ಒಂದನ್ನು ಮರೆಯಬಾರದು. ರಾಕ್ಷಸನ ಹೆಸರು ವಿಸ್ಕಾನ್ಸಿನ್ ತಲುಪುವ ಎಷ್ಟೋ ಶತಮಾನಗಳ ಮೊದಲೇ ನೂರು ಬಾಯಲ್ಲಿ ನೂರು ಬಗೆಯಾಗಿತ್ತು. ಕನ್ನಡದಲ್ಲಿ ರಕ್ಕಸ, ತಮಿಳಿನಲ್ಲಿ ಅರಕ್ಕನ್. ಮಲಯ ಭಾಷೆಯಲ್ಲಿ ‘ರಕ್ಸಾಸ’ ಎಂದರೆ ದೈತ್ಯ, ದೈತ್ಯಾಕಾರದ್ದು. ಬೌದ್ಧ ಗ್ರಂಥಗಳೊಡನೆ ಚೀನಾಕ್ಕೆ ಹೋಗಿ ಜಪಾನಿಗೆ ದಾಟಿದಾಗ ‘ರಸೆತ್ಸು’. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಟುಗಳಿಗೆಂದೇ ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟ. ‘ಅಪಭ್ರಂಶ’ವೆಂಬ ಹೆಸರಿದ್ದರೂ ಅಲ್ಲಿ ತಿರಸ್ಕಾರವಿಲ್ಲ. ಅವು ಕನ್ನಡದ ಸೊತ್ತಾದ ತದ್ಭವಗಳು, ಅವುಗಳಿಗೆ ನಿಯಮಗಳುಂಟು. ಯಕ್ಷ ಜಕ್ಕನಾಗುವುದು, ರಾಕ್ಷಸ ರಕ್ಕಸನಾಗುವುದು ನಾಲಿಗೆಯ ಸೋಮಾರಿತನದಿಂದಲ್ಲ, ನುಡಿಯ ಕಟ್ಟಿನಿಂದ. ಕವಿಗಳೂ ಗರತಿಯರೂ ರಕ್ಕಸನೆಂದೇ ಹಾಡಿದರು. ಪರಭಾಷೆಯ ಹೆಸರನ್ನು ತನ್ನ ಬಾಯಿಗೆ ಒಗ್ಗಿಸಿಕೊಳ್ಳುವ ಹಕ್ಕು ಕನ್ನಡಕ್ಕಿದ್ದರೆ ಇಂಗ್ಲಿಷಿಗೂ ಇದೆ.

ಆದರೂ ರಕ್ಕಸ ಮತ್ತು ರಕ್ಷಾಸ ಒಂದೇ ಜಾತಿಯ ಪದಗಳಲ್ಲ. ರಕ್ಕಸ ಪ್ರಾಕೃತದ ಮೂಲಕ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಸಾಗಿ ಬಂದ ತದ್ಭವ. ಅದರೊಡನೆ ಅವನ ಕಥೆಗಳೂ, ಅವನನ್ನು ಗೆದ್ದ ಉಪಾಯಗಳೂ, ಅವನ ಕುರಿತ ಭಯವೂ ನಡೆದು ಬಂದವು. ಮಲಯಕ್ಕೂ ಜಪಾನಿಗೂ ಹೋದಾಗ ಹೆಸರಿನ ಬೆನ್ನಿಗೆ ರಾಮಕಥೆಯಿತ್ತು, ಬುದ್ಧಕಥೆಯಿತ್ತು. ರಕ್ಷಾಸ ಹುಟ್ಟಿದ್ದು ಕಣ್ಣಿನಿಂದ. ಅದನ್ನು ಬರಹಜನ್ಯ ತದ್ಭವ ಎನ್ನಬಹುದು. ಹೆಸರು ಒಂಟಿಯಾಗಿ ಹೋಯಿತು. ಅದನ್ನು ಹೇಳಿಕೊಡುವವರು ಯಾರೂ ಜೊತೆಯಲ್ಲಿ ಹೋಗಲಿಲ್ಲ, ಹೇಳಿಕೊಡಲು ಯಾರನ್ನೂ ಕೇಳಲೂ ಇಲ್ಲ. ಇದೇ ಕಾಲದಲ್ಲಿ ನಡೆದ ಇನ್ನೊಂದು ಸಂಗತಿ ಇಲ್ಲಿ ಉಲ್ಲೇಖನೀಯ. ಟೋಲ್ಕಿನ್ ಕೃತಿಗಳಿಗೆ ಸಂಬಂಧಿಸಿದ ಹಕ್ಕುದಾರರು ಕಾನೂನಿನ ಆಕ್ಷೇಪವೆತ್ತಿದ್ದರಿಂದ 1970ರ ದಶಕದ ಉತ್ತರಾರ್ಧದ ಮುದ್ರಣಗಳಲ್ಲಿ ‘ಹಾಬಿಟ್’ ಎಂಬುದು ‘ಹಾಫ್ಲಿಂಗ್’ ಆಯಿತು, ‘ಎಂಟ್’ ಎಂಬುದು ‘ಟ್ರೀಯೆಂಟ್’ ಆಯಿತು, ‘ಬಾಲ್ರಾಗ್’ ಮರೆಯಾಯಿತು. ಕೆಲವೇ ದಶಕಗಳ ಹಿಂದೆ ಒಬ್ಬರು ಕಲ್ಪಿಸಿದ ಹೆಸರಿಗೆ ನೋಟೀಸು ಕಳಿಸುವ ಒಡೆಯರಿದ್ದರು. ಎರಡು ಸಾವಿರ ವರ್ಷಗಳಿಗೂ ಹಳೆಯದಾದ ರಾಕ್ಷಸನಿಗೆ ಅಂಥ ಒಡೆಯರಿಲ್ಲ. ಜನಪದದ ಸೊತ್ತು ಎಲ್ಲರದಾದ್ದರಿಂದ ಅದನ್ನು ಎತ್ತಿಕೊಳ್ಳುವುದೂ ಸುಲಭ, ಅದರ ಸ್ವರದ ಗೆರೆಗಳನ್ನು ಅಳಿಸುವುದೂ ಸುಲಭ.

ಹಾಗಾದರೆ ಮೇಜಿನ ಮುಂದೆ ಕುಳಿತವನು ಏನು ಮಾಡಬೇಕು? ಬುಲೇ, ಗಿಥ್‌ಯಾಂಕಿ, ಕತೂಲುಗಳ ವಿಷಯದಲ್ಲಿ ಆಯಾ ಗುಂಪಿನ ರೂಢಿಯೇ ಪ್ರಮಾಣವಾಗಲು ಅಡ್ಡಿಯಿಲ್ಲ. ಅಲ್ಲಿ ಕರ್ತೃವಿನ ಮಾತೂ ಒಂದು ಪಾಠ ಮಾತ್ರ. ರಾಕ್ಷಸ, ನಾಗ, ಕೋಆಟ್ಲ್‌ಗಳ ವಿಷಯದಲ್ಲಿ, ಆ ಹೆಸರನ್ನು ಮನೆಯಲ್ಲಿ ಕೇಳಿ ಬೆಳೆದವರು ಜೊತೆಗಿದ್ದರೆ ಅವರನ್ನು ಒಮ್ಮೆ ಕೇಳುವುದು ವಿಹಿತ. ಕೇಳಿದ ಮೇಲೆ ನಾಲಿಗೆ ಹೊರಳದೆ ಹೋದರೆ ಅದು ದೋಷವಲ್ಲ. ಕನ್ನಡದ ನಾಲಿಗೆಯೂ ನಾವಾಟ್ಲ್‌ನ ಕೊನೆಯ ವ್ಯಂಜನದ ಮುಂದೆ ಸೋಲುತ್ತದೆ. ಕೇಳುವ ಗೋಜಿಗೇ ಹೋಗದಿರುವುದು ಬೇರೆ ಮಾತು.

ಪ್ರಕಾಶಕರ ಧೋರಣೆಯಲ್ಲಿಯೂ ಈ ದಿಕ್ಕಿನ ಬದಲಾವಣೆ ಕಾಣುತ್ತದೆ. 1997ರಲ್ಲಿ ಟಿಎಸ್ಆರ್ ಅನ್ನು ಕೊಂಡ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2022ರ ಜುಲೈನಲ್ಲಿ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ ಎಂಬ ಕಥಾಸಂಪುಟವನ್ನು ಪ್ರಕಟಿಸಿತು. ಬೇರೆ ಬೇರೆ ಸಂಸ್ಕೃತಿಗಳ ಹಿನ್ನೆಲೆಯ ಲೇಖಕರು ತಂತಮ್ಮ ನೆನಪಿನ ಲೋಕಗಳಿಂದ ಕಥೆ ಹೆಣೆದ ಈ ಸಂಪುಟದಲ್ಲಿ ಬಂಗಾಳದ ನದಿನಾಡಿನಿಂದ ಪ್ರೇರಿತವಾದ ‘ಶಂಖಭೂಮಿ’ಯ ಕಥೆಯನ್ನು ಭಾರತದ ಮಿಮಿ ಮಂಡಲ್ ಬರೆದರು. ಕಥೆಗಳ ಜೊತೆಗೆ ಹೆಸರುಗಳ ಉಚ್ಚಾರಣೆಯ ಪಟ್ಟಿಯೂ ಅಚ್ಚಾಯಿತು. 1977ರಲ್ಲಿ ಒಂಟಿಯಾಗಿ ಹೋದ ಹೆಸರಿಗೆ ನಲವತ್ತೈದು ವರ್ಷಗಳ ಅನಂತರ ಜೊತೆಗಾರರು ದೊರೆತಂತಾಯಿತು. ಆದರೂ ಹಳೆಯ ‘ರಕ್ಷಾಸ’ ಬಿಟ್ಟುಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು ಈ ಆಟವಾಡುವ ಕನ್ನಡ ಮನೆಮಾತಿನ ತರುಣರಿಗೆ ಈಗ ಮೂರು ರೂಪಗಳು ಕೈಗೆಟುಕುತ್ತವೆ: ಪುರಾಣದ ರಾಕ್ಷಸ, ಅಜ್ಜಿಯ ರಕ್ಕಸ, ಮೇಜಿನ ಮೇಲಿನ ಹುಲಿಮೋರೆಯ ರಕ್ಷಾಸ. ಮೂರನ್ನೂ ಮೂರು ಬೇರೆ ಬೇರೆ ಜೀವಿಗಳೆಂದೇ ಎಣಿಸಿ, ಸಂದರ್ಭಕ್ಕೆ ತಕ್ಕಂತೆ ಒಂದೊಂದನ್ನು ಕರೆಯಲು ಅವರಿಗೆ ಕಷ್ಟವಾಗಲಾರದು.